ಎಷ್ಟು ಸುರಿದರೆ ಅತಿವೃಷ್ಟಿ?

ಬೇಲೂರಿನ ಚೆನ್ನಕೇಶವನ ದರ್ಶನ ಮಾಡಿ, ಹಳೇಬೀಡನ್ನು ನೋಡಿಕೊಂಡು, ಜಾವಗಲ್ಲಿನ ಮಾರ್ಗವಾಗಿ ಅರಸೀಕೆರೆಗೆ ಬರುವ ಪ್ರವಾಸಿಯು ಒಂದೇ ಹೊತ್ತಿನಲ್ಲಿ ಎರಡು ಸೀಮೆಗಳನ್ನು ದಾಟಿರುತ್ತಾನೆ. ಹಿಂದೆ ಉಳಿದದ್ದು ಮಲೆನಾಡಿನ ಸೆರಗು; ಮುಂದೆ ಕಾಣುವುದು ತೆಂಗು, ರಾಗಿಯ ಬಯಲು. ಜಿಲ್ಲೆ ಮಾತ್ರ ಒಂದೇ, ಹಾಸನ. ಪಡುವಣದ ಮೋಡಗಳು ಘಟ್ಟದ ಮೇಲೆಯೇ ತಮ್ಮ ಭಾರವನ್ನಿಳಿಸಿ ಬರುವುದರಿಂದ ಅರಸೀಕೆರೆಗೆ ಮುಂಗಾರಿನಲ್ಲಿ ದಕ್ಕುವುದು ಅಲ್ಪ.

ಇಂತಹ ಜಿಲ್ಲೆಯಲ್ಲಿ 'ಭಾರಿ ಮಳೆ' ಎಂದರೆ ಎಷ್ಟು? ಭಾರತೀಯ ಹವಾಮಾನ ಇಲಾಖೆಯ ಉತ್ತರ ಖಚಿತವಾಗಿದೆ. ಬೆಳಿಗ್ಗೆ 8.30ರಿಂದ ಮರುದಿನ 8.30ರ ವರೆಗೆ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಆದರೆ ಅತಿ ಭಾರಿ, 204.5 ಅಥವಾ ಅದಕ್ಕೂ ಮೇಲಾದರೆ ಅತ್ಯಂತ ಭಾರಿ. ಎಚ್ಚರಿಕೆ ಸಾರುವುದಕ್ಕೆ ಇದು ಒಳ್ಳೆಯ ಮಾನದಂಡವೇ. ಆದರೆ ಆಗುಂಬೆಯಲ್ಲಿ ಆಷಾಢದ ದಿನಚರಿಯೆನಿಸುವ ಮಳೆ ಅರಸೀಕೆರೆಯಲ್ಲಿ ಊರೆಲ್ಲ ಮಾತನಾಡುವ ಸುದ್ದಿಯಾಗುತ್ತದೆ.

ಆದುದರಿಂದ ಹವಾಗುಣದ ಅಧ್ಯಯನಕಾರರು ಪ್ರತಿ ಊರಿಗೂ ಅದರದೇ ಅಳತೆಗೋಲನ್ನು ಕೊಡುತ್ತಾರೆ. ಹಲವು ದಶಕಗಳ ಮಳೆಯ ದಿನಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, 100ರಲ್ಲಿ 95 ದಿನಗಳನ್ನು ಮೀರಿಸಿದುದನ್ನು ತೀವ್ರವೆಂದೂ, 99ನ್ನು ಮೀರಿಸಿದುದನ್ನು ಅತಿ ತೀವ್ರವೆಂದೂ ಗುರುತಿಸುವುದು ವಾಡಿಕೆ. ರೈತನ 'ಹದ ಮಳೆ'ಯೂ ಹೀಗೆಯೇ ಅಲ್ಲವೆ? ಅದರ ಅಳತೆಯಿರುವುದು ಆಯಾ ಹೊಲದ ಮಣ್ಣಿನಲ್ಲಿ.

ಸೇತುವೆ, ಮೋರಿ, ಕೆರೆಯ ಕೋಡಿಗಳನ್ನು ಕಟ್ಟುವ ಇಂಜಿನಿಯರರಿಗೆ ಇಷ್ಟೂ ಸಾಲದು. ದಿನವಿಡೀ ಹಿಡಿದ ಜಡಿಮಳೆಯ 65 ಮಿ.ಮೀ. ಬೇರೆ; ಗುಡುಗಿನೊಡನೆ ಒಂದೇ ಗಂಟೆಯಲ್ಲಿ ಅಪ್ಪಳಿಸಿದ 65 ಮಿ.ಮೀ. ಬೇರೆ. ಬೇಲೂರಿನ ಕಡೆ ಮುಂಗಾರಿನ ಜಡಿ ಹೆಚ್ಚು. ಅರಸೀಕೆರೆಯ ಬಯಲಿಗೆ ಮೇ, ಅಕ್ಟೋಬರ್ ತಿಂಗಳುಗಳ ಸಂಜೆಯ ಗುಡುಗುಮಳೆಯ ಭಯ. ದಿನದ ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಂಕಿ! ಒಂದು ಚದರ ಕಿಲೋಮೀಟರಿನ ಮೇಲೆ 65 ಮಿ.ಮೀ. ಬಿದ್ದರೆ ಆರೂವರೆ ಕೋಟಿ ಲೀಟರು ನೀರು. ಅದು ದಿನವೆಲ್ಲ ಹರಿಯುವುದೋ, ಗಂಟೆಯಲ್ಲಿ ನುಗ್ಗುವುದೋ ಎಂಬುದರ ಮೇಲೆ ಮೋರಿಯ ಆಯುಸ್ಸು ನಿಂತಿದೆ. ಅದರಾಚೆಯ ಹಳ್ಳಿಯ ದಾರಿಯೂ ನಿಂತಿದೆ.

'ನೂರು ವರ್ಷದ ಮಳೆ' ಎಂಬ ಮಾತಂತೂ ಮೋಸದ್ದು. ಒಮ್ಮೆ ಬಂದು ಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ನಿಶ್ಚಿಂತರಾಗುವಂತಿಲ್ಲ. ಯಾವ ವರ್ಷದಲ್ಲಾದರೂ ಬರುವ ಸಂಭವ 100ಕ್ಕೆ 1 ಎಂಬುದಷ್ಟೇ ಅದರ ಅರ್ಥ. 30 ವರ್ಷ ಬಾಳಬೇಕಾದ ಮೋರಿ ಒಮ್ಮೆಯಾದರೂ ಅದನ್ನು ಎದುರಿಸುವ ಸಂಭವ 100ಕ್ಕೆ 26. ಗಾಳಿ 1 ಡಿಗ್ರಿ ಸೆಲ್ಸಿಯಸ್ ಕಾದರೆ ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲುದಾದುದರಿಂದ ಹಳೆಯ ದಾಖಲೆಗಳ ಈ ಲೆಕ್ಕವೂ ಸಡಿಲಗೊಳ್ಳುತ್ತಿದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹಳ್ಳಿಗಾಡಿನಲ್ಲೂ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಅವು ಅಂಕಿ ಕಳುಹಿಸುತ್ತವೆ. ಗಂಟೆಯ ಮಳೆಯ ಲೆಕ್ಕ ಹುಟ್ಟಬೇಕಾದುದು ಇಲ್ಲಿಯೇ. ಆದರೆ ಈ ಜಾಲದ ವಯಸ್ಸು ಚಿಕ್ಕದು. ಹಳೇಬೀಡಿನ ದೋರಸಮುದ್ರದ ಏರಿ ಶತಮಾನಗಳ ಮಳೆಯನ್ನು ಕಂಡಿದೆ. ಅದಕ್ಕೆ ಬರೆಯಲು ಬಾರದು. ಜಾಲದ ದಾಖಲೆ ಬೆಳೆಯುವವರೆಗೆ ಊರ ಹಿರಿಯರನ್ನು ಹಳ್ಳದ ದಂಡೆಗೆ ಕರೆದೊಯ್ದು, ಅಂದು ನೀರು ಯಾವ ಕಲ್ಲಿನವರೆಗೆ ಏರಿತ್ತೆಂದು ಕೇಳಿ, ಅಲ್ಲಿ ಗುರುತು ಹಾಕಿಕೊಳ್ಳುವುದೂ ಇಂಜಿನಿಯರರ ಕೆಲಸವೇ.