ಶೇರ್ಡ್ ಡ್ರೈವ್‌ನಲ್ಲಿರುವ ಆ ಫೋಲ್ಡರ್ ಯಾರದ್ದು?

ಆಫೀಸಿನ ಶೇರ್ಡ್ ಡ್ರೈವ್ ಯಾರಿಗೆ ಗೊತ್ತಿಲ್ಲ ಹೇಳಿ? ಕಂಪ್ಯೂಟರ್ ತೆರೆದರೆ ಸಿ, ಡಿ ಡ್ರೈವ್‌ಗಳ ಪಕ್ಕದಲ್ಲಿ ಎಸ್ ಅಂತಲೋ ಝಡ್ ಅಂತಲೋ ಕಾಣುತ್ತಲ್ಲ, ಅದೇ. ಬಿಲ್ಲು, ಸಂಬಳದ ಪಟ್ಟಿ, ಕಳೆದ ವರ್ಷದ ಟೆಂಡರ್ ಎಲ್ಲವೂ ಅಲ್ಲೇ. ದಿನಾ ಬಳಸ್ತೀವಿ. ಆದರೆ ಒಳಗಿರುವ ಫೈಲ್ ಯಾರದ್ದು ಅಂತ ಕೇಳೋದಿಲ್ಲ. ಬಾಗಿಲು ತೆರೆಯದ ದಿನವೇ ಆ ಪ್ರಶ್ನೆ ಏಳೋದು.

ಶಿವಮೊಗ್ಗ, ಭದ್ರಾವತಿಯ ಸಣ್ಣ ಆಫೀಸುಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳೋದು ನನ್ನ ಕೆಲಸ. ಒಂದು ತಿಂಗಳ 19ನೇ ತಾರೀಕು ಹೊಸ ಗಿರಾಕಿಯೊಬ್ಬರ ಫೋನ್ ಬಂತು. ಮಾರನೇ ದಿನ ಜಿಎಸ್‌ಟಿ ರಿಟರ್ನ್ಸ್‌ಗೆ ಕೊನೇ ದಿನ. ಲೆಕ್ಕದ ಫೋಲ್ಡರ್ ಕಣ್ಣೆದುರೇ ಇದೆ, ಕ್ಲಿಕ್ ಮಾಡಿದರೆ ‘ಆಕ್ಸೆಸ್ ಡಿನೈಡ್’. ಲೆಕ್ಕ ಬರೆಯುತ್ತಿದ್ದ ಹುಡುಗ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋಗಿದ್ದ. ಅವನು ಹೋದ ವಾರವೇ ಅವನ ಲಾಗಿನ್ ಅಳಿಸಿಬಿಟ್ಟಿದ್ದರು. ಆ ಫೋಲ್ಡರ್ ಮಾಡಿದ್ದವನು ಅವನು, ತೆರೆಯುವ ಅನುಮತಿ ಇದ್ದದ್ದೂ ಅವನಿಗೊಬ್ಬನಿಗೇ. ಓನರ್ ಅನ್ನುವ ಜಾಗದಲ್ಲಿ ಈಗ ಹೆಸರಿಲ್ಲ, ಎಸ್-1-5-21 ಅಂತ ಶುರುವಾಗುವ ಉದ್ದದ ನಂಬರ್ ಮಾತ್ರ.

“ಸರ್ವರ್‌ಗೆ ದುಡ್ಡು ಕೊಟ್ಟವನು ನಾನು. ಫೈಲ್ ನಂದಲ್ವೇನ್ರೀ?” ಅಂದರು ಯಜಮಾನರು. ಅವರು ಹೇಳಿದ್ದು ಸರಿಯೇ. ಆದರೆ ಬಿಲ್ ಯಾರ ಹೆಸರಲ್ಲಿದೆ ಅಂತ ಸರ್ವರ್ ನೋಡಲ್ಲ. ಅದರ ಲೆಕ್ಕದಲ್ಲಿ ಫೈಲ್ ಮಾಡಿದವನೇ ಮಾಲೀಕ.

ವಿಂಡೋಸ್‌ನಲ್ಲಿ ಅಡ್ಮಿನ್ ಲಾಗಿನ್ ಇದ್ದರೆ ಇಂಥ ಫೋಲ್ಡರ್‌ನ ಮಾಲೀಕತ್ವ ವಾಪಸ್ ಪಡೆಯೋದು ಹತ್ತು ನಿಮಿಷದ ಕೆಲಸ. ಅಲ್ಲಿ ಅರ್ಧ ದಿನ ಹಿಡೀತು. ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದದ್ದೂ ಅದೇ ಹುಡುಗನಿಗೆ! ಪಾಪ, ಮಧ್ಯಾಹ್ನ ಫೋನ್ ಎತ್ತಿದ, ಮರ್ಯಾದೆಯಿಂದ ಹೇಳಿದ, ರಿಟರ್ನ್ಸ್ ಹೋಯ್ತು. ಜಗಳ ಮಾಡಿಕೊಂಡು ಹೋಗಿದ್ದರೆ? ಒಂದು ಆಫೀಸಿನ ಲೆಕ್ಕವೆಲ್ಲ ಒಬ್ಬ ಹುಡುಗನ ಒಳ್ಳೆಯತನದ ಮೇಲೆ ನಿಂತಿತ್ತು.

ಕ್ವಾರ್ಟರ್ಸ್ ಕಲಿಸಿದ ಲೆಕ್ಕ

ಮಾಲೀಕತ್ವ ಬೇರೆ, ಅನುಮತಿ ಬೇರೆ. ಈ ಪಾಠ ನನ್ನಂಥ ಕಾಗದನಗರದ ಮಕ್ಕಳಿಗೆ ಸುಲಭ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ, ತನ್ನ ಕೆಲಸಗಾರರಿಗಾಗಿ ಕಟ್ಟಿದ ಬಡಾವಣೆ ಅದು. ಕ್ವಾರ್ಟರ್ಸ್‌ನಲ್ಲಿ ಅಡುಗೆ ಮಾಡಿದ್ವಿ, ಹಿತ್ತಲಲ್ಲಿ ಕರಿಬೇವು ಬೆಳೆಸಿದ್ವಿ, ಹಬ್ಬಕ್ಕೆ ತೋರಣ ಕಟ್ಟಿದ್ವಿ. ಬೀಗದ ಕೈ ನಮ್ಮ ಹತ್ತಿರವೇ. ಆದರೂ ಆ ಮನೆಯನ್ನು ಇನ್ನೊಬ್ಬರಿಗೆ ಕೊಡುವ ಅಧಿಕಾರ ಅಪ್ಪನಿಗಿರಲಿಲ್ಲ, ಅದು ಕಂಪನಿಯದು. ಮನೆ ಸಿಕ್ಕಿದ್ದು ಕೂಡ ಅಪ್ಪ ಅನ್ನುವ ಮನುಷ್ಯನಿಗಲ್ಲ, ಅವರು ಮಾಡುತ್ತಿದ್ದ ಕೆಲಸಕ್ಕೆ. ನಿವೃತ್ತಿಯಾದ ಮೇಲೆ ಕೀ ವಾಪಸ್.

ಶೇರ್ಡ್ ಡ್ರೈವ್ ನಡೆಯಬೇಕಾದ್ದೂ ಹೀಗೇ. ಓದುವ, ಬರೆಯುವ ಅನುಮತಿ ಕೆಲಸಕ್ಕೆ ಸಿಗಬೇಕು, ವ್ಯಕ್ತಿಗಲ್ಲ. ‘ಲೆಕ್ಕ ವಿಭಾಗ’ ಅಂತ ಒಂದು ಗ್ರೂಪ್ ಮಾಡಿ, ಫೋಲ್ಡರ್‌ನ ಅನುಮತಿಯನ್ನು ಆ ಗ್ರೂಪ್‌ಗೆ ಕೊಡಿ. ಹೊಸಬರು ಬಂದರೆ ಗ್ರೂಪ್‌ಗೆ ಸೇರಿಸಿ, ಬಿಟ್ಟು ಹೋದರೆ ತೆಗೆಯಿರಿ. ಫೋಲ್ಡರ್ ಮುಟ್ಟುವ ಗೋಜೇ ಇಲ್ಲ. ಮಾಲೀಕತ್ವ ಆಫೀಸಿನ ಅಡ್ಮಿನ್ ಖಾತೆಯ ಹೆಸರಲ್ಲಿರಲಿ.

ಎರಡು ಬಾಗಿಲು, ಎರಡು ಬೀಗ

“ಎಲ್ಲ ಪರ್ಮಿಷನ್ ಕೊಟ್ಟಿದೀನಿ, ಆದ್ರೂ ಸೇವ್ ಆಗ್ತಿಲ್ಲ” ಅನ್ನುವ ದೂರು ವಾರಕ್ಕೊಂದಾದರೂ ಬರುತ್ತೆ. ಕಾರಣ, ವಿಂಡೋಸ್‌ನ ಶೇರ್ಡ್ ಫೋಲ್ಡರ್‌ಗೆ ಎರಡು ಬಾಗಿಲು. ಮೊದಲನೆಯದು ಶೇರ್ ಪರ್ಮಿಷನ್, ಅಂದರೆ ಕಾಂಪೌಂಡಿನ ಗೇಟು. ಎರಡನೆಯದು ಸೆಕ್ಯುರಿಟಿ ಪರ್ಮಿಷನ್, ಅಂದರೆ ಮನೆಯ ಬಾಗಿಲು. ನೆಟ್‌ವರ್ಕ್‌ನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕಕ್ಕೆ ಬರುತ್ತೆ. ಒಳಗೆ ‘ಫುಲ್ ಕಂಟ್ರೋಲ್’ ಕೊಟ್ಟು ಗೇಟಿನಲ್ಲಿ ಬರೀ ‘ರೀಡ್’ ಇಟ್ಟರೆ ಸಿಗೋದು ಓದುವ ಅವಕಾಶ ಮಾತ್ರ. ಇನ್ನೊಂದು ವಿಷಯ: ಗ್ರೂಪ್‌ಗೆ ಸೇರಿಸಿದ ಮೇಲೆ ಆ ವ್ಯಕ್ತಿ ಒಮ್ಮೆ ಲಾಗ್ ಆಫ್ ಮಾಡಿ ಮತ್ತೆ ಒಳಬರಬೇಕು. ಅಲ್ಲಿವರೆಗೆ ಹೊಸ ಅನುಮತಿ ಲೆಕ್ಕಕ್ಕಿಲ್ಲ.

ಲಿನಕ್ಸ್ ಸರ್ವರ್ ಆದರೆ ಪ್ರತಿ ಫೈಲಿಗೂ ಮೂರು ಪಾಲು: ಮಾಲೀಕ, ಗ್ರೂಪ್, ಉಳಿದವರು. ಓದಲು 4, ಬರೆಯಲು 2, ಫೋಲ್ಡರ್ ಒಳಗೆ ಹೋಗಲು 1. 770 ಅಂದರೆ ಮಾಲೀಕನಿಗೂ ಗ್ರೂಪ್‌ಗೂ ಎಲ್ಲವೂ ಉಂಟು, ಉಳಿದವರಿಗೆ ಏನೂ ಇಲ್ಲ. ಮುಂದೆ ಒಂದು 2 ಸೇರಿಸಿ 2770 ಮಾಡಿದರೆ ಒಳಗೆ ಹುಟ್ಟುವ ಹೊಸ ಫೈಲೆಲ್ಲ ಫೋಲ್ಡರ್‌ನ ಗ್ರೂಪ್‌ಗೇ ಸೇರುತ್ತೆ. ತುಂಬಾ ಜನ ಮರೆಯುವ ಸಂಗತಿ ಒಂದಿದೆ: ಫೈಲ್ ಅಳಿಸಲು ಸಾಮಾನ್ಯವಾಗಿ ಬೇಕಾಗಿರೋದು ಆ ಫೈಲ್‌ನ ಅನುಮತಿ ಅಲ್ಲ, ಅದು ಕೂತಿರುವ ಫೋಲ್ಡರ್‌ನ ಅನುಮತಿ. ಫೈಲನ್ನು ‘ಓದಲು ಮಾತ್ರ’ ಅಂತ ಇಟ್ಟು ನಿಶ್ಚಿಂತೆಯಾಗಿರಬೇಡಿ.

ಎಲ್ಲರಿಗೂ ಎಲ್ಲ ಕೊಟ್ಟರೆ?

ತಲೆನೋವೇ ಬೇಡ ಅಂತ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟುಬಿಡುವ ಆಫೀಸುಗಳೂ ಇವೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತನ್ನೇ ನಡುಗಿಸಿದ್ದು ನೆನಪಿರಬಹುದು. ವಿಂಡೋಸ್‌ನ ಹಳೆಯ ಫೈಲ್ ಶೇರಿಂಗ್ ವ್ಯವಸ್ಥೆಯ ದೋಷವೊಂದನ್ನು ಹಿಡಿದು ಅದು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹರಡಿತು. ಇಂಥ ವೈರಸ್ ಯಾರ ಲಾಗಿನ್‌ನಲ್ಲಿ ಕೂರುತ್ತೋ, ಅವರು ಬರೆಯಬಹುದಾದ ಫೈಲನ್ನೆಲ್ಲ ಬೀಗ ಹಾಕಿ ಕೆಡಿಸಬಲ್ಲದು. ರಿಸೆಪ್ಷನ್ ಕಂಪ್ಯೂಟರ್‌ಗೆ ಸಂಬಳದ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಇದ್ದರೆ, ರಿಸೆಪ್ಷನ್‌ನಲ್ಲಿ ತೆರೆದ ಒಂದು ಕೆಟ್ಟ ಇ-ಮೇಲ್ ಸಂಬಳದ ಪಟ್ಟಿಯನ್ನೂ ನುಂಗುತ್ತೆ. ಹಾಗಾಗಿ ಅನುಮತಿ ಕೊಡದಿರೋದನ್ನ ಅಪನಂಬಿಕೆ ಅಂತ ತಿಳಿಯಬೇಡಿ. ಅದು ಆ ಕೆಲಸಗಾರರಿಗೂ ರಕ್ಷಣೆಯೇ.

ಈ ಪಾಠವನ್ನು ನಮ್ಮ ರಾಜ್ಯ ದೊಡ್ಡ ಮಟ್ಟದಲ್ಲಿ ಕಲಿತದ್ದು ‘ಭೂಮಿ’ ಯೋಜನೆಯಲ್ಲಿ. ಮೊದಲು ಪಹಣಿ ಪುಸ್ತಕ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ಬರೆಯುವವರೂ ಅವರೇ, ನಕಲು ಕೊಡುವವರೂ ಅವರೇ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಆಗ ನೋಡುವುದು, ದಾಖಲಿಸುವುದು, ಒಪ್ಪಿಗೆ ಕೊಡುವುದು ಬೇರೆ ಬೇರೆ ಕೈಗಳಿಗೆ ಹೋಯಿತು. ತಾಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. “ನನ್ನ ಪಾಸ್‌ವರ್ಡ್ ಯಾರೋ ಬಳಸಿದ್ರು” ಅನ್ನೋ ಮಾತಿಗೆ ಜಾಗ ಉಳಿಯಲಿಲ್ಲ. ನಿಮ್ಮ ಆಫೀಸಿಗೆ ಬೆರಳಚ್ಚು ಬೇಡ. ಆದರೆ ಒಂದೇ ಲಾಗಿನ್ ಅನ್ನು ನಾಲ್ಕು ಜನ ಹಂಚಿಕೊಳ್ಳೋದು ಮಾತ್ರ ನಿಲ್ಲಲಿ.

ಮನೆಯ ಡ್ರೈವ್‌ನಲ್ಲೂ ಇದೇ ಕಥೆ

ಈಗ ಫೋನ್‌ಗೆ ಬನ್ನಿ. ಕಾರ್ಖಾನೆಯ ಉತ್ಪಾದನೆ ನಿಂತ ಮೇಲೆ ನಮ್ಮ ಬೀದಿಯವರೆಲ್ಲ ಬೆಂಗಳೂರು, ಮೈಸೂರು ಅಂತ ಚದುರಿಹೋದರು. ಹಳೇ ಫೋಟೋಗಳನ್ನಾದರೂ ಒಂದೆಡೆ ಇಡೋಣ ಅಂತ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿಕೊಂಡೆವು. ಗಣಪತಿ ಹಬ್ಬದ ಮೆರವಣಿಗೆ, ಶಾಲೆಯ ಗ್ರೂಪ್ ಫೋಟೋ, ಶಿಫ್ಟ್ ಮುಗಿಸಿ ಸೈಕಲ್‌ನಲ್ಲಿ ಬರುತ್ತಿರುವ ಅಪ್ಪಂದಿರು, ಎಲ್ಲ ಸೇರಿದವು. ಅತಿ ಹೆಚ್ಚು ಫೋಟೋ ಹಾಕಿದ್ದ ಹಿರಿಯರೊಬ್ಬರು ಆಮೇಲೆ ತೀರಿಕೊಂಡರು.

ಫೋಲ್ಡರ್ ಬೇರೆಯವರದ್ದು, ಫೋಟೋಗೇನು ಅಪಾಯ ಅಂತ ಎಲ್ಲರೂ ಸುಮ್ಮನಿದ್ದರು. ಆದರೆ ಅಲ್ಲಿನ ನಿಯಮ ಬೇರೆ. ಫೋಲ್ಡರ್ ಯಾರದ್ದೇ ಇರಲಿ, ಅದರೊಳಗೆ ಹಾಕಿದ ಫೈಲ್‌ಗೆ ಹಾಕಿದವರೇ ಮಾಲೀಕರು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಖಾತೆ ಹೋದರೆ ಅದರ ಫೋಟೋಗಳೂ ಹೋದವು, ನಮ್ಮ ಫೋಲ್ಡರ್‌ನಿಂದಲೂ. ಆ ಹಿರಿಯರ ಫೋಟೋಗಳನ್ನೆಲ್ಲ ಡೌನ್‌ಲೋಡ್ ಮಾಡಿ, ಎಲ್ಲರಿಗೂ ಸೇರಿದ ಒಂದು ಖಾತೆಯಿಂದ ಮತ್ತೆ ಹಾಕಿದೆವು. ಅವರ ಮಗಳಿಗೂ ಒಂದು ಪ್ರತಿ ಕಳಿಸಿದೆವು. ಅಪ್ಪ ಹೀಗೆ ಸೈಕಲ್ ತುಳಿಯೋದನ್ನ ನೋಡಿ ಎಷ್ಟು ವರ್ಷ ಆಯ್ತು ಅಂತ ಫೋನ್ ಮಾಡಿದರು.

ಈ ವಾರ ಇಷ್ಟು ಮಾಡಿ

- ಆಫೀಸಿನ ಮುಖ್ಯ ಫೋಲ್ಡರ್‌ಗಳ ಮಾಲೀಕರು ಯಾರು ಅಂತ ನೋಡಿ. ವ್ಯಕ್ತಿಯ ಹೆಸರೋ ಉದ್ದ ನಂಬರೋ ಇದ್ದರೆ ಅಡ್ಮಿನ್ ಖಾತೆಗೆ ಬದಲಿಸಲು ಹೇಳಿ.
- ಅಡ್ಮಿನ್ ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಸಿಗುವಂತಿರಲಿ. ಮುಚ್ಚಿದ ಲಕೋಟೆಯಲ್ಲಿ ಬೀರುವಿನಲ್ಲಿಟ್ಟರೂ ಸರಿ.
- ಕೆಲಸ ಬಿಡುವವರ ಲಾಗಿನ್ ತಕ್ಷಣ ಅಳಿಸಬೇಡಿ. ಮೊದಲು ನಿಷ್ಕ್ರಿಯಗೊಳಿಸಿ, ಫೈಲ್‌ಗಳನ್ನು ವರ್ಗಾಯಿಸಿ, ಆಮೇಲೆ ಅಳಿಸಿ.
- ಅನುಮತಿ ಎಷ್ಟೇ ಬಿಗಿಯಿದ್ದರೂ ನೆಟ್‌ವರ್ಕ್‌ಗೆ ಅಂಟದ ಒಂದು ಬ್ಯಾಕಪ್ ಇರಲಿ.
- ಮನೆಯ ಫೋಟೋ ಫೋಲ್ಡರ್ ತೆರೆದು ‘ಓನರ್’ ಯಾರು ಅಂತ ಓದಿ. ಆ ಹೆಸರು ವಯಸ್ಸಾದ ಅಜ್ಜಿಯದ್ದೋ ದೊಡ್ಡಪ್ಪನದ್ದೋ ಆಗಿದ್ದರೆ, ಅವರು ಎದುರಿಗಿರುವಾಗಲೇ ಪಕ್ಕದಲ್ಲಿ ಕೂತು ಒಂದು ಪ್ರತಿ ಮಾಡಿಕೊಳ್ಳಿ. ಹಾಗೇ ಫೋಟೋದಲ್ಲಿ ಯಾರ‍್ಯಾರಿದ್ದಾರೆ ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ಅದು ಅವರನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲ್ಲ.