ವ್ಯವಹಾರದ ವ್ಯಾಜ್ಯವೂ ವಕೀಲರ ಆಯ್ಕೆಯೂ

ರಾಂಪುರದಂಥ ಎಲ್ಲೆಯ ಊರುಗಳಲ್ಲಿ ವ್ಯಾಪಾರವು ಬಹುಮಟ್ಟಿಗೆ ನಂಬುಗೆಯ ಮೇಲೆಯೇ ನಡೆಯತಕ್ಕದ್ದು. ಶೇಂಗಾ ಆಗಲಿ, ಮೊಳಕಾಲ್ಮುರಿನ ರೇಷ್ಮೆ ಸೀರೆಯಾಗಲಿ, ಮಾಲು ಇಂದು ಹೋಗಿ ಹಣವು ಮುಂದೆಂದೋ ಬರುವುದುಂಟು. ಕೊಂಡವನು ಬಳ್ಳಾರಿಯವನಿರಬಹುದು, ಆಂಧ್ರದ ರಾಯದುರ್ಗದವನಿರಬಹುದು. ಮಾತು ನಡೆಯುವಷ್ಟು ಕಾಲ ಎಲ್ಲವೂ ಸುಗಮವು. ತಪ್ಪಿದಂದು ವಕೀಲರ ನೆನಪಾಗುತ್ತದೆ. ಆ ವೇಳೆಗೆ ಕಾಲವು ಮಿಂಚಿದ್ದರೆ ಎಂಥ ಘನ ವಕೀಲರಿಂದಲೂ ಪ್ರಯೋಜನವಾಗದು.

1963ರ ಕಾಲಮಿತಿ ಕಾಯಿದೆಯ ಮೇರೆಗೆ, ವಾಯಿದೆ ಗೊತ್ತುಮಾಡದೆ ಕೊಟ್ಟ ಮಾಲಿನ ಬೆಲೆಗಾಗಿ, ಅದನ್ನು ಒಪ್ಪಿಸಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ‘ಬರುವ ಸುಗ್ಗಿಗೆ ಕೊಡುತ್ತೇನೆ’ ಎಂಬ ಬಾಯಿಮಾತಿನಿಂದ ಈ ಅವಧಿಯು ಬೆಳೆಯದು. ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ರುಜು ಮಾಡಿದಲ್ಲಿ, ಅಂದಿನಿಂದ ಹೊಸ ಲೆಕ್ಕವು ಮೊದಲಾಗುವುದು.

ಲಿಖಿತ, ಭುಕ್ತಿ, ಸಾಕ್ಷಿ ಎಂದು ಯಾಜ್ಞವಲ್ಕ್ಯಸ್ಮೃತಿಯು ಪ್ರಮಾಣಗಳನ್ನು ಎಣಿಸಿದೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿದ್ದವನೇ. ಕರಾರಿನ ವ್ಯಾಜ್ಯದಲ್ಲಿ ಇಂದಿಗೂ ಲಿಖಿತವೇ ದೊಡ್ಡ ಬಲವು. ಆದುದರಿಂದ ಬಿಲ್ಲು, ಲಾರಿ ರಸೀತಿ, ಕಾಗದಪತ್ರ, ದೂರವಾಣಿಯ ಸಂದೇಶ ಇವೆಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ವಕೀಲರ ಬಳಿಗೆ ಹೋಗತಕ್ಕದ್ದು.

ವಕೀಲರು ಜಾಹೀರಾತು ಕೊಡಬಾರದೆಂಬ ನಿಯಮವಿರುವುದರಿಂದ ಅವರ ಯೋಗ್ಯತೆಯನ್ನು ವಿಚಾರಿಸಿಯೇ ತಿಳಿಯಬೇಕು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರಾದವರು ಲೆಕ್ಕಪುಸ್ತಕದ ದಾವೆಯಲ್ಲಿಯೂ ನಿಪುಣರಾಗಿರಬೇಕೆಂದಿಲ್ಲ. ನ್ಯಾಯಾಲಯದ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುವುದು. ಒಂದು ದಿನ ಕುಳಿತು ಅವರು ಪಾಟೀಸವಾಲು ಮಾಡುವ ಬಗೆಯನ್ನು ನೋಡಿರಿ. ದಾವೆಯನ್ನು ಎಲ್ಲಿ ಹೂಡಬೇಕೆಂದೂ ಕೇಳಿರಿ. ಪ್ರತಿವಾದಿಯ ಊರೋ, ವ್ಯವಹಾರ ನಡೆದ ಸ್ಥಳವೋ ಎಂಬುದು ಖರ್ಚನ್ನೇ ಬದಲಿಸುತ್ತದೆ. 1953ರವರೆಗೆ ಬಳ್ಳಾರಿಯು ಮದರಾಸಿಗೆ ಸೇರಿದ್ದಾಗ ಅಲ್ಲಿಯ ವ್ಯಾಪಾರಿಯೂ ಪರಪ್ರಾಂತದವನೇ. ರಾಯದುರ್ಗದವನು ಇಂದಿಗೂ ಹಾಗೆಯೇ. ಅನುಭವಿಯಾದ ವಕೀಲನು ನಿಮ್ಮ ಪಕ್ಷದ ದೌರ್ಬಲ್ಯವನ್ನೇ ಮೊದಲು ಕೇಳುವನು. ‘ಗೆಲ್ಲಿಸಿಯೇ ತೀರುತ್ತೇನೆ’ ಎನ್ನುವವರಿಂದ ದೂರವಿರುವುದು ಲೇಸು.

ಫೀಜನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿರಿ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧವು. ಫೀಜು ಬಾಕಿಯೆಂದು ಕಕ್ಷಿಗಾರನ ಕಾಗದಗಳನ್ನು ತಡೆಹಿಡಿಯುವಂತಿಲ್ಲವೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ವಕೀಲರ ಸೇವೆಯು ಗ್ರಾಹಕ ಕಾಯಿದೆಗೆ ಒಳಪಡದೆಂದು 2024ರಲ್ಲಿ ಅದೇ ನ್ಯಾಯಾಲಯವು ಹೇಳಿತು. ವೃತ್ತಿದೋಷವಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರಬೇಕು. ಆಯ್ಕೆಯಲ್ಲಿಯೇ ಎಚ್ಚರವಿರಬೇಕಾದುದು ಇದರಿಂದಲೇ.

3 ಲಕ್ಷ ರೂಪಾಯಿಯೂ ಅದಕ್ಕೆ ಮೇಲ್ಪಟ್ಟೂ ಇರುವ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಪರಿಹಾರವು ಬೇಕಿಲ್ಲದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು 2018ರಿಂದ ಕಡ್ಡಾಯವು. ಚಿಕ್ಕ ಮೊತ್ತಕ್ಕೆ ಲೋಕ ಅದಾಲತ್ತುಂಟು; ಅಲ್ಲಿಯ ರಾಜಿಯ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಹಿಂದಿರುಗುವುದು. ಮಗ್ಗದ ಮನೆಗೆ ಮುಂದಿನ ಸೀರೆಯ ನೂಲು ಕೊಳ್ಳಲು ಹಣವು ಬೇಗನೆ ಬೇಕು. ಹತ್ತು ವರ್ಷದ ಜಯಕ್ಕಿಂತ ಈ ವರ್ಷದ ನ್ಯಾಯವಾದ ರಾಜಿಯೇ ಮೇಲೆಂದು ಧೈರ್ಯವಾಗಿ ಹೇಳಬಲ್ಲ ವಕೀಲರನ್ನೇ ಗೃಹಸ್ಥರು ಅರಸಬೇಕು.