ಚಳಿಗಾಲ, ಬೆಕ್ಕು ಮತ್ತು ರಕ್ತದ ಒತ್ತಡ

ನಮ್ಮ ಮನೆಗೆ ಚಳಿಗಾಲ ಬಂದಿತೆಂಬುದನ್ನು ಪಂಚಾಂಗಕ್ಕಿಂತ ಮೊದಲು ಸಾರುವವು ನಮ್ಮ ಎರಡು ಬೆಕ್ಕುಗಳು. ದೀಪಾವಳಿ ಕಳೆದು ಹತ್ತು ದಿನವಾಗುವುದರೊಳಗೆ ಅವು ಅಂಗಳದ ಕಟ್ಟೆಯನ್ನು ತೊರೆದು ಬಚ್ಚಲುಮನೆಯ ಹಂಡೆಯ ಒಲೆಗೆ ಬಿಡಾರ ಬದಲಿಸುತ್ತವೆ. ಬೆಳಗಿನ ನೀರು ಕಾಯ್ದು, ಕೆಂಡ ಆರಿ, ಬೂದಿ ಮಾತ್ರ ಬೆಚ್ಚಗೆ ಉಳಿದಿರುವ ಹೊತ್ತಿಗೆ ಒಲೆಯ ಬಾಯಲ್ಲಿ ಎರಡು ಜೊತೆ ಕಿವಿಗಳು ಕಾಣಿಸುತ್ತವೆ. ಹಿರಿಯವಳು ಗೌರಿ, ಹದಿನಾಲ್ಕು ವರ್ಷದವಳು. ಹುಟ್ಟಿನಿಂದ ಬಿಳುಪು, ಚಳಿಗಾಲದಲ್ಲಿ ಮಾತ್ರ ಬೂದುಬಣ್ಣ. ಕಿರಿಯವನು ಸೋಮ, ಅವನ ವಿಷಯದಲ್ಲಿ ಹೇಳಬೇಕಾದದ್ದು, ಅವನು ಗೌರಿ ಮಲಗಿದ ಜಾಗವೇ ತನಗೂ ಬೇಕೆನ್ನುತ್ತಾನೆ ಎಂಬುದಷ್ಟೆ.

ಧಾರವಾಡದ ಚಳಿ ಹಿಮಾಲಯದ ಚಳಿಯೇನಲ್ಲ. ಡಿಸೆಂಬರ್, ಜನವರಿಗಳ ಬೆಳಗಿನಲ್ಲಿ ಉಷ್ಣಮಾಪಕ ೧೪-೧೫ ಡಿಗ್ರಿ ಸೆಲ್ಸಿಯಸ್‌ಗೆ ಇಳಿದೀತು. ಆದರೆ ಬೆಕ್ಕಿನ ಲೆಕ್ಕವೇ ಬೇರೆ. ಮೈ ಬೆಚ್ಚಗಿಡಲು ಹೆಚ್ಚಿನ ಶಕ್ತಿಯನ್ನು ವೆಚ್ಚ ಮಾಡದೆ ಬೆಕ್ಕು ನೆಮ್ಮದಿಯಾಗಿರಬೇಕಾದರೆ ಸುತ್ತಲಿನ ಗಾಳಿ ೩೦ರಿಂದ ೩೮ ಡಿಗ್ರಿಯವರೆಗೆ ಬೆಚ್ಚಗಿರಬೇಕು. ನಮಗೆ ಚೈತ್ರ, ವೈಶಾಖದ ಬೇಗೆಯೆನಿಸುವುದು ಅದಕ್ಕೆ ಹಿತ. ಇದಕ್ಕೆ ಕಾರಣ ಅದರ ವಂಶವೃಕ್ಷದಲ್ಲಿದೆ. ಇಂದಿನ ಸಾಕುಬೆಕ್ಕಿನ ಮೂಲ ಉತ್ತರ ಆಫ್ರಿಕ, ಪಶ್ಚಿಮ ಏಷ್ಯಗಳ ಒಣನೆಲದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ದೊರೆತ ಸಂಗತಿ ೨೦೦೪ರಲ್ಲಿ ಪ್ರಕಟವಾಯಿತು. ಅಷ್ಟು ಹಳೆಯ ಸಹವಾಸವಾದರೂ ಬೆಕ್ಕು ಮರುಭೂಮಿಯ ಎರಡು ಗುಣಗಳನ್ನು ಬಿಟ್ಟುಕೊಡಲಿಲ್ಲ. ಒಂದು, ಬಿಸಿಲಿನ ಮೋಹ. ಇನ್ನೊಂದು, ನೀರಿನ ವಿಷಯದಲ್ಲಿ ಜಿಪುಣತನ. ಅದರ ಮೂತ್ರಪಿಂಡಗಳು ಮೂತ್ರವನ್ನು ಬಹಳ ಗಟ್ಟಿಮಾಡಿ, ಒಳಗಿನ ನೀರನ್ನು ಉಳಿಸಿಕೊಳ್ಳಬಲ್ಲವು. ಆದ್ದರಿಂದಲೇ ಬೆಕ್ಕಿಗೆ ಬಾಯಾರಿಕೆ ಕಡಮೆ. ಈ ಎರಡನೆಯ ಗುಣವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ನಾನು ನೆನಪಿನಲ್ಲಿಡಲಿಲ್ಲ.

ಚಳಿ ನನ್ನ ಮೇಲೂ ತನ್ನ ಕೆಲಸವನ್ನು ಮಾಡುತ್ತದೆ. ಎಂಟು ವರ್ಷಗಳಿಂದ ನಾನು ರಕ್ತದ ಒತ್ತಡಕ್ಕೆ ಮಾತ್ರೆ ನುಂಗುವವನು. ಬೇಸಗೆಯಲ್ಲಿ ವೈದ್ಯರು ನನ್ನ ಅಂಕಿಗಳನ್ನು ನೋಡಿ ತಲೆಯಾಡಿಸುತ್ತಾರೆ. ಪುಷ್ಯಮಾಸದಲ್ಲಿ ಅದೇ ಅಂಕಿಗಳ ಮುಂದೆ ಹುಬ್ಬೇರಿಸುತ್ತಾರೆ. ನಾನು ಮೊದಮೊದಲು ಎಳ್ಳಮಾವಾಸ್ಯೆಯ ಚರಗದ ಊಟವನ್ನೂ ರಂಜಕದ ಉಪ್ಪನ್ನೂ ದೂರಿದೆ. ಅವುಗಳ ಪಾಲೂ ಇಲ್ಲದಿಲ್ಲ. ಆದರೆ ಮುಖ್ಯ ಅಪರಾಧಿ ಚಳಿಯೇ. ಚಳಿ ತಾಗಿದೊಡನೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಸಂಕೋಚಗೊಂಡು, ಮೈಯ ಬಿಸಿ ಹೊರಗೆ ಸೋರಿಹೋಗದಂತೆ ರಕ್ತವನ್ನು ಒಳಕ್ಕೆ ತಳ್ಳುತ್ತವೆ. ದಾರಿ ಕಿರಿದಾದಾಗ ಹರಿಯುವುದರ ಒತ್ತಡ ಏರಬೇಕಾದದ್ದೇ. ಒಳಗೆ ಸೇರಿದ ಹೆಚ್ಚಿನ ರಕ್ತವನ್ನು ಕಂಡ ದೇಹ, ನೀರು ಹೆಚ್ಚಾಯಿತೆಂದು ಭ್ರಮಿಸಿ ಅದನ್ನು ಹೊರಹಾಕತೊಡಗುತ್ತದೆ. ಚಳಿಗಾಲದ ರಾತ್ರಿ ನಮ್ಮಂಥ ವಯಸ್ಸಾದವರು ಮೂರು ಸಲ ಏಳಬೇಕಾಗುವುದರ ಗುಟ್ಟುಗಳಲ್ಲಿ ಇದೂ ಒಂದು. ಋತುವಿನೊಡನೆ ರಕ್ತದ ಒತ್ತಡ ಏರಿಳಿಯುತ್ತದೆಂಬುದನ್ನು ಇಂಗ್ಲೆಂಡಿನ ಜೆಫ್ರಿ ರೋಸ್ ೧೯೬೧ರಲ್ಲಿಯೇ ಬರೆದಿದ್ದರು. ೧೯೮೨ರಲ್ಲಿ ಅದೇ ದೇಶದಲ್ಲಿ ಸಾವಿರಾರು ಜನರ ಅಳತೆಗಳನ್ನು ಪರಿಶೀಲಿಸಿದಾಗ, ಚಳಿಗಾಲದ ಈ ಏರಿಕೆ ಎಳೆಯರಿಗಿಂತ ಹಿರಿಯರಲ್ಲಿ ಹೆಚ್ಚೆಂದು ಕಂಡುಬಂತು. ಆದ್ದರಿಂದ ನಮ್ಮ ವೈದ್ಯರು ಚಳಿಯ ನಾಲ್ಕು ತಿಂಗಳು ನನ್ನನ್ನು ತಿಂಗಳಿಗೊಮ್ಮೆ ಬರಹೇಳುತ್ತಾರೆ. ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ.

ಈ ಅಪಾಯಿಂಟ್‌ಮೆಂಟುಗಳ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. ಕಾಯುವ ಕೋಣೆಯಲ್ಲಿ ಕುಳಿತಾಗ ನನ್ನ ಎದೆ ಒಳಗಿನಿಂದ ಬಡಿಯತೊಡಗುತ್ತದೆ. ಇಟಲಿಯ ವೈದ್ಯರು ೧೯೮೩ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ರೋಗಿಯ ಅಪಧಮನಿಯಲ್ಲಿಯೇ ಅಳತೆಯ ಸಾಧನವನ್ನಿರಿಸಿ, ವೈದ್ಯನು ಹಾಸಿಗೆಯ ಬಳಿಗೆ ಬಂದಾಗ ಏನಾಗುತ್ತದೆಂದು ಗಮನಿಸಿದರು. ಒತ್ತಡ ಸರಾಸರಿ ೨೫ ಮಿಲಿಮೀಟರಿಗೂ ಹೆಚ್ಚು ಏರಿತು! ಅದಕ್ಕಾಗಿಯೇ ಮನೆಯಲ್ಲಿಯೂ ಅಳೆದು ಬರೆದಿಡಬೇಕೆಂದು ಈಗ ಹೇಳುತ್ತಾರೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿರಿಸಿ, ಮಾತನಾಡದೆ ಅಳೆಯಬೇಕು. ನಾನು ಹಾಗೆ ಕುಳಿತೊಡನೆ ಗೌರಿ ಬಂದು ತೊಡೆಯೇರುತ್ತಿದ್ದಳು. ತೋಳಿನ ಪಟ್ಟಿ ಗಾಳಿ ತುಂಬಿ ಉಬ್ಬುವಾಗ ಅದನ್ನೇ ದಿಟ್ಟಿಸುತ್ತ, ಅದು ಉಸ್ಸೆಂದು ಇಳಿಯುವವರೆಗೂ ಕಾದು, ಅನಂತರ ಕಣ್ಣು ಮುಚ್ಚುತ್ತಿದ್ದಳು. ಮಾತನಾಡಬಾರದೆಂಬ ನಿಯಮವನ್ನು ಪಾಲಿಸಿದವಳು ಅವಳೊಬ್ಬಳೇ.

ಕಳೆದ ಚಳಿಗಾಲದಲ್ಲಿ ಅವಳು ದಿಟ್ಟಿಸುವುದನ್ನು ಬಿಟ್ಟಳು. ಅದು ನನ್ನ ಗಮನಕ್ಕೆ ಬರಲಿಲ್ಲ. ಅದೇ ಕಾಲಕ್ಕೆ ಅವಳು ತಾಮ್ರದ ಕೊಡದ ಕೆಳಗಿನ ತಟ್ಟೆಯಿಂದ ಮೇಲಿಂದ ಮೇಲೆ ನೀರು ಕುಡಿಯುತ್ತಿದ್ದುದು ಗಮನಕ್ಕೆ ಬಂದಿತ್ತು; ಆದರೆ ಒಲೆಯ ಬಳಿ ಮಲಗುವವಳಿಗೆ ಬಾಯಾರಿಕೆ ಸಹಜವೆಂದುಕೊಂಡೆ. ಮೈ ಇಳಿದಿತ್ತು, ವಯಸ್ಸೆಂದುಕೊಂಡೆ. ಗೋಡೆಗೆ ಮೀಸೆ ತಾಗಿಸಿಕೊಂಡು ಮೆಲ್ಲಗೆ ನಡೆಯುತ್ತಿದ್ದಳು. ಚಳಿಗೆ ಕೀಲು ಬಿಗಿದಿರಬೇಕೆಂದುಕೊಂಡೆ. ನನಗೂ ಬಿಗಿದಿದ್ದವು. ನಮ್ಮ ಕಷ್ಟವನ್ನು ಇನ್ನೊಂದು ಜೀವದಲ್ಲಿ ಕಾಣುವುದು ಸುಲಭ; ಅದರ ಕಷ್ಟವನ್ನು ಕಾಣುವುದು ಅಷ್ಟು ಸುಲಭವಲ್ಲ.

ಕೀಲುನೋವೆಂದು ನಂಬಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಿಬಿಡಬೇಕು. ನಾವು ಜ್ವರಕ್ಕೂ ತಲೆನೋವಿಗೂ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯ ಅರ್ಧವನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿ ಗೌರಿಯ ಮುಂದಿಟ್ಟೆ. ಅವಳು ಮೂಸಿದಳು; ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ ಹಿಂದೆ ಸರಿದಳು. ನಾನು ಬೇಸರಪಟ್ಟು ಹಾಲನ್ನು ಚೆಲ್ಲಿದೆ. ಮನುಷ್ಯನ ಯಕೃತ್ತು ಆ ಔಷಧಿಗೆ ಒಂದು ಬಗೆಯ ಸಕ್ಕರೆಯಂಶವನ್ನು ಜೋಡಿಸಿ ನಿರಪಾಯವಾಗಿ ಹೊರಗೆ ಕಳಿಸುತ್ತದೆ. ಆ ಜೋಡಣೆಯ ಕೆಲಸ ಮಾಡಬೇಕಾದ ಕಿಣ್ವದ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಹೀಗಾಗಿ ಔಷಧಿ ಒಳಗೇ ಉಳಿದು ವಿಷವಾಗಿ, ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಂಜಗಳು ಬಾಯುತ್ತವೆ. ಒಂದೇ ಮಾತ್ರೆ ಸಾಕು, ಬೆಕ್ಕಿನ ಪ್ರಾಣ ಹೋಗಲು. ಇದು ನನಗೆ ತಿಳಿದದ್ದು ಎರಡು ವಾರಗಳ ಮೇಲೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಬೆಕ್ಕಿರುವವರು ಈ ಒಂದು ಪರಿಚ್ಛೇದವನ್ನಾದರೂ ಮನೆಮಂದಿಗೆ ಓದಿ ಹೇಳಬೇಕು.

ನಿಜಾಂಶ ಹೊರಬಿದ್ದದ್ದು ಒಂದು ಮಂಚದಿಂದ. ನನ್ನ ಮಂಚ ಕಿಟಕಿಯ ಬಳಿಯಿತ್ತು. ಬೆಳಗಿನ ಕುಳಿರ್ಗಾಳಿ ತಾಗಬಾರದೆಂದು ವೈದ್ಯರು ಹೇಳಿದ್ದರಿಂದ ಮನೆಯಾಕೆ ಅದನ್ನು ಒಳಗೋಡೆಗೆ ಸರಿಸಿದಳು. ಆ ಸಂಜೆ ಗೌರಿ ಎಂದಿನಂತೆ ಬಾಗಿಲಿನಿಂದ ಏಳು ಹೆಜ್ಜೆ ನಡೆದು, ನಿಂತು, ಮೈ ಕುಗ್ಗಿಸಿ, ಮಂಚ ಇಲ್ಲದೆಡೆಗೆ ಹಾರಿದಳು. ನೆಲಕ್ಕೆ ಬಿದ್ದ ಸದ್ದಿಗಿಂತ, ಬಿದ್ದ ಮೇಲೆ ಅವಳು ಅಲ್ಲಿಯೇ ನಿಂತು ಗಾಳಿಯಲ್ಲಿ ಮುಂಗಾಲಾಡಿಸಿ ಮಂಚವನ್ನು ಹುಡುಕಿದ್ದು ನನ್ನನ್ನು ನಡುಗಿಸಿತು. ದೀಪವನ್ನು ಅವಳ ಮುಖದ ಬಳಿ ಹಿಡಿದೆವು. ಬೆಳಕಿಗೆ ದಾರದೆಳೆಯಂತೆ ಕಿರಿದಾಗಬೇಕಾದ ಕಣ್ಣಪಾಪೆಗಳು ಎರಡು ಕಪ್ಪು ನಾಣ್ಯಗಳಂತೆ ಅರಳಿಯೇ ಇದ್ದವು. ಮನೆಯ ನಕ್ಷೆಯನ್ನು ಮೀಸೆಯಲ್ಲಿಯೂ ಹೆಜ್ಜೆಯಲ್ಲಿಯೂ ಇಟ್ಟುಕೊಂಡಿದ್ದವಳು ಎಷ್ಟು ದಿನಗಳಿಂದ ಕುರುಡಾಗಿದ್ದಳೋ, ನಾವು ಅದೇ ಮನೆಯಲ್ಲಿ ಕಣ್ಣಿದ್ದು ಕಾಣಲಿಲ್ಲ. ಬೆಕ್ಕು ತನ್ನ ಬೇನೆಯನ್ನು ಬಚ್ಚಿಡುವ ಪ್ರಾಣಿ. ಅದು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳ ಆಹಾರವೂ ಹೌದು. ನೋವನ್ನು ತೋರಿದರೆ ಕಾಡಿನಲ್ಲಿ ಅದಕ್ಕೆ ಉಳಿಗಾಲವಿಲ್ಲ. ಅದು ಗುರುಗುಟ್ಟುವುದು ಕೂಡ ಸುಖದ ಗುರುತೇ ಆಗಬೇಕೆಂದಿಲ್ಲ, ನೋವಿನಲ್ಲಿಯೂ ಗುರುಗುಟ್ಟುತ್ತದೆ.

ಮರುದಿನ ಪಶುವೈದ್ಯರಲ್ಲಿಗೆ ಹೋದೆವು. ಶ್ರೀವೈಷ್ಣವರಲ್ಲಿ ಮಾರ್ಜಾಲಕಿಶೋರ ನ್ಯಾಯವೆಂಬುದಿದೆ: ತಾಯಿ ಕುತ್ತಿಗೆಯ ಚರ್ಮವನ್ನು ಕಚ್ಚಿ ಎತ್ತಿದಾಗ ಮರಿ ಏನೂ ಮಾಡದೆ ತನ್ನನ್ನು ಒಪ್ಪಿಸಿಬಿಡುತ್ತದೆ, ಜೀವಾತ್ಮನೂ ಹಾಗೆ ದೇವರಿಗೆ ಶರಣಾಗಬೇಕು. ನಾನು ಗೌರಿಯ ಕುತ್ತಿಗೆಗೆ ಕೈ ಹಾಕಿದಾಗ ವೈದ್ಯರು ತಡೆದರು. ಮರಿಗೆ ಸರಿಹೋದದ್ದು ಬೆಳೆದ ಬೆಕ್ಕಿಗೆ ಭಯವನ್ನಷ್ಟೇ ತರುತ್ತದೆ, ಭಯ ಒತ್ತಡವನ್ನೇರಿಸುತ್ತದೆ ಎಂದರು. ಬೆಕ್ಕಿಗೂ ರಕ್ತದ ಒತ್ತಡವೇ! ಬಿಳಿಯ ಅಂಗಿಯನ್ನು ಕಂಡು ಏರುವುದೂ ಅದಕ್ಕುಂಟಂತೆ. ಅದಕ್ಕಾಗಿ ಕತ್ತಲೆಯ ಮೂಲೆಯಲ್ಲಿ ಅವಳದೇ ಹಳೆಯ ಕೌದಿಯ ಮೇಲೆ ಅವಳನ್ನು ಬಿಟ್ಟು ಹತ್ತು ನಿಮಿಷ ಕಾದರು. ಅನಂತರ ಎರಡು ಬೆರಳಗಲದ ಪಟ್ಟಿಯನ್ನು ಮುಂಗಾಲಿಗೆ ಸುತ್ತಿ, ರಕ್ತ ಹರಿಯುವ ಸದ್ದನ್ನು ದೊಡ್ಡದಾಗಿ ಕೇಳಿಸುವ ಯಂತ್ರದಿಂದ ಅಳೆದರು. ಮೊದಲನೆಯ ಅಳತೆಯನ್ನು ಬಿಟ್ಟು, ಐದಾರು ಅಳತೆಗಳ ಸರಾಸರಿ ತೆಗೆದರು: ೨೧೦. ಬೆಕ್ಕಿನಲ್ಲಿ ೧೬೦ ದಾಟಿದರೆ ಎಚ್ಚರ, ೧೮೦ ದಾಟಿದರೆ ಅಪಾಯ.

ಮೂಲ ಮೂತ್ರಪಿಂಡದಲ್ಲಿತ್ತು. ಮುದಿ ಬೆಕ್ಕುಗಳಲ್ಲಿ ಇದು ತೀರ ಸಾಮಾನ್ಯವಾದ ಬೇನೆ. ಮೂತ್ರವನ್ನು ಗಟ್ಟಿಮಾಡುವ ಶಕ್ತಿ ಹೋದಾಗ ನೀರು ಸೋರಿಹೋಗುತ್ತದೆ. ಹೋದುದನ್ನು ತುಂಬಿಕೊಳ್ಳಲು ಮರುಭೂಮಿಯ ಪ್ರಾಣಿ ತಟ್ಟೆಗಟ್ಟಲೆ ನೀರು ಕುಡಿಯತೊಡಗುತ್ತದೆ. ರಕ್ತಪರೀಕ್ಷೆಯಲ್ಲಿ ದೋಷ ಕಾಣುವ ವೇಳೆಗೆ ಮೂತ್ರಪಿಂಡದ ನಾಲ್ಕರಲ್ಲಿ ಮೂರು ಪಾಲು ಕೆಲಸ ನಿಂತಿರುವುದುಂಟು. ಮೂತ್ರಪಿಂಡಗಳೆಂದರೆ ಕಾಲುವೆಯ ತೂಬು ಇದ್ದಂತೆ. ಮೈಯೊಳಗಿನ ಉಪ್ಪು, ನೀರುಗಳ ಮಟ್ಟವನ್ನು ಕಾಯುವ ಅವು ಕೆಟ್ಟರೆ ನಾಳಗಳ ಒತ್ತಡ ಅಂಕೆ ಮೀರುತ್ತದೆ. ಆ ಹೊಡೆತವನ್ನು ತಾಳಲಾರದ ಜಾಗಗಳಲ್ಲಿ ಕಣ್ಣು ಮೊದಲಿನದು. ಕಣ್ಣಿನ ಹಿಂಬದಿಗೆ ಅಂಟಿಕೊಂಡಿರುವ ಅಕ್ಷಿಪಟದ ಕೆಳಗೆ ದ್ರವ ಜಿನುಗಿ, ಅದು ಒದ್ದೆಗೋಡೆಯ ಸುಣ್ಣದಂತೆ ಎದ್ದುಬರುತ್ತದೆ.

ಔಷಧಿಯ ಚೀಟಿಯನ್ನು ಓದಿದಾಗ ಕನ್ನಡಕವನ್ನು ಒರೆಸಿಕೊಂಡು ಮತ್ತೆ ಓದಿದೆ. ಆಮ್ಲೊಡಿಪಿನ್ ಎಂದಿತ್ತು. ಅದು ನನ್ನ ಮಾತ್ರೆ! ರಕ್ತನಾಳಗಳ ಗೋಡೆಯ ಸ್ನಾಯುಗಳೊಳಗೆ ಸುಣ್ಣದಂಶ ನುಗ್ಗುವುದನ್ನು ತಡೆದು, ಅವನ್ನು ಸಡಿಲಗೊಳಿಸಿ ದಾರಿಯನ್ನು ಅಗಲಮಾಡುವ ಕೆಲಸ ಮನುಷ್ಯನಲ್ಲಿ ಹೇಗೋ ಬೆಕ್ಕಿನಲ್ಲಿಯೂ ಹಾಗೆಯೇ. ನನಗೆ ದಿನಕ್ಕೆ ಐದು ಮಿಲಿಗ್ರಾಂ, ಅವಳಿಗೆ ಎರಡೂವರೆ ಮಿಲಿಗ್ರಾಮಿನ ಮಾತ್ರೆಯ ಕಾಲುಭಾಗ. ಮನೆಯ ಪೆಟ್ಟಿಗೆಯಲ್ಲಿ ಒಟ್ಟಿಗೇ ಇದ್ದ ಎರಡು ಮಾತ್ರೆಗಳಲ್ಲಿ ನಾನು ಕೊಡಹೋದದ್ದು ಕೊಲ್ಲುವಂಥದು; ಬೇಕಾಗಿದ್ದದ್ದು ಅದರ ಪಕ್ಕದಲ್ಲಿತ್ತು. ಆದರೂ ಯಾವುದು ಹೊಂದುತ್ತದೆ, ಎಷ್ಟು ಹೊಂದುತ್ತದೆ ಎಂಬುದನ್ನು ಪೆಟ್ಟಿಗೆ ನೋಡಿ ಊಹಿಸುವಂತಿರಲಿಲ್ಲ. ಈಗಲೂ ಅವಳ ಕಾಲುಭಾಗವನ್ನು ನನ್ನ ಮಾತ್ರೆಗಳಿಂದ ದೂರ, ಬೇರೊಂದು ಡಬ್ಬಿಯಲ್ಲಿ, ಅವಳ ಹೆಸರು ಬರೆದು ಇಟ್ಟಿದ್ದೇವೆ.

ಬೇಗ ಬಂದಿದ್ದರೆ ಎದ್ದ ಅಕ್ಷಿಪಟ ಮತ್ತೆ ಅಂಟಿಕೊಳ್ಳಬಹುದಿತ್ತು. ಮೂರು ವಾರಗಳಲ್ಲಿ ಅವಳ ಒತ್ತಡ ೧೫೦ಕ್ಕೆ ಇಳಿಯಿತು. ಎಡಗಣ್ಣಿಗೆ ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟು ಮರಳಿತು. ಬಲಗಣ್ಣು ಹೋದದ್ದು ಹೋಯಿತು. ಈ ಚಳಿಗಾಲದಲ್ಲಿ ತಿಂಗಳ ಮೊದಲ ವಾರ ನನ್ನ ಪಾಳಿ, ಮೂರನೆಯ ವಾರ ಅವಳದು. ಬೆಳಿಗ್ಗೆ ನಾನು ನೀರಿನೊಡನೆ ನುಂಗುತ್ತೇನೆ. ಅವಳಿಗೆ ಬೆಣ್ಣೆಯ ಪುಟ್ಟ ಉಂಡೆಯಲ್ಲಿ ಹುದುಗಿಸಿ ಕೊಡುತ್ತೇವೆ. ಸೋಮ ಬೆಣ್ಣೆಗಾಗಿ ಹೊಸ್ತಿಲ ಬಳಿ ಕಾದಿರುತ್ತಾನೆ. ಅವನಿಗೆ ಬರಿಯ ಬೆಣ್ಣೆ.

ಮಂಚವನ್ನು ಅದೇ ವಾರ ಕಿಟಕಿಯ ಬಳಿಗೆ, ಗಚ್ಚಿನ ಮೇಲೆ ಅದರ ಕಾಲುಗಳು ಊರಿದ ಹಳೆಯ ಗುರುತುಗಳ ಮೇಲೆಯೇ, ಮರಳಿ ಇರಿಸಿದೆವು. ಗಾಳಿ ಬಾರದಂತೆ ಕಿಟಕಿಗೆ ಹಳೆಯ ಜಮಖಾನೆಯನ್ನು ಕಟ್ಟಿದ್ದೇವೆ. ಸಂಜೆ ಗೌರಿ ಬಾಗಿಲಿನಿಂದ ಏಳು ಹೆಜ್ಜೆ ನಡೆದು ಬಂದು ಹಾರುತ್ತಾಳೆ.